ಗಾಳಿಯೂರಿನ ಓರಣ

ಲಂಡನ್ನಿನ ಗಡಿಬಿಡಿ ಬಿಟ್ಟು ಏಡ್ರಿಯಾಟಿಕ್ ಕಡಲಂಚಿನ ಟ್ರಿಯೆಸ್ಟೆಗೆ ಬಂದು ಎರಡು ವರ್ಷ. ಸುಮಾರು ಎರಡು ಲಕ್ಷ ಜನರ ಈ ಇಟಲಿಯ ಊರು ಸೊಗಸಾಗಿ ಬಾಳುವುದನ್ನು ಕಲಿಸಿದ ಬಗೆ ಇದು.

ಬಂದ ಮೂರನೆಯ ದಿನ ಬೆಳಿಗ್ಗೆ ಮನೆಯ ಕೆಳಗಿನ ಕಾಫಿ ಅಂಗಡಿಯಲ್ಲಿ ‘ಒಂದು ಕಾಪುಚೀನೊ’ ಎಂದೆ. ಇಟಲಿಯ ಬೇರೆ ಊರುಗಳಲ್ಲಿ ಹಾಗೆಂದರೆ ಅಗಲ ಕಪ್ಪಿನ ತುಂಬ ಹಾಲಿನ ಕಾಫಿ ಬರುತ್ತದೆ. ಇಲ್ಲಿ ಬಂದದ್ದು ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಕಪ್ಪು, ಅದರಲ್ಲಿ ನೊರೆ ಹೊತ್ತ ಮೂರು ಗುಟುಕು. ನನ್ನ ಮುಖ ನೋಡಿದ ಪಕ್ಕದ ಹಿರಿಯರೊಬ್ಬರು ಟೋಪಿ ತೆಗೆದು, ಮಕ್ಕಳಿಗೆ ಕಾಗುಣಿತ ಕಲಿಸುವಂತೆ ನಿಧಾನವಾಗಿ ಹೇಳಿಕೊಟ್ಟರು. ಬರೀ ಕಪ್ಪು ಕಾಫಿಗೆ ಇಲ್ಲಿ ‘ನೆರೊ’. ಅದರ ಮೇಲೆ ಚೂರು ನೊರೆಹಾಲು ಬಿದ್ದರೆ ‘ಕಾಪೊ’. ಒಂದೇ ಹನಿ ನೊರೆ ಸಾಕೆಂದರೆ ‘ಗೊಚ್ಚ’. ಹಾಲು ಹೆಚ್ಚು ಬೇಕಾದರೆ ‘ಕಾಫೆ ಲಾತ್ತೆ’. ಕಪ್ಪಿನ ಬದಲು ಗಾಜಿನ ಪುಟ್ಟ ಲೋಟದಲ್ಲಿ ಬೇಕಾದರೆ ಕೊನೆಗೆ ‘ಇನ್ ಬಿ’ ಎಂದು ಸೇರಿಸಬೇಕು. ‘ಬಿ’ ಎಂದರೆ ‘ಬಿಕ್ಕಿಯೇರೆ’, ಲೋಟ.

ಕಾಫಿಯನ್ನು ಲೋಟದಲ್ಲೇ ಕುಡಿಯಬೇಕೆಂದು ಹಟ ಹಿಡಿಯುವ ಜನ ನಮ್ಮನ್ನು ಬಿಟ್ಟರೆ ಬೇರೆಯವರೂ ಇದ್ದಾರೆಂಬುದು ನನಗೆ ಹೊಸ ಸುದ್ದಿ. ಮರುದಿನ ‘ಕಾಪೊ ಇನ್ ಬಿ’ ಎಂದೆ. ಅಂಗಡಿಯಾಕೆ ತಲೆಯೆತ್ತಿ ನೋಡಿ ನಕ್ಕು, ಕಾಫಿಯ ಪಕ್ಕ ಒಂದು ಲೋಟ ನೀರಿಟ್ಟಳು. ಕಟ್ಟೆಗೆ ಮೊಣಕೈಯೂರಿ, ದರ್ಶಿನಿಯಲ್ಲಿ ನಿಂತಂತೆ ನಿಂತು ಕುಡಿದೆ. ಈ ಊರಿನಲ್ಲಿ ಬಾಳಬಹುದು ಅನ್ನಿಸಿದ್ದು ಆಗಲೇ.

ನಾನು ಚಿಕ್ಕಮಗಳೂರು ಕಡೆಯವಳು. ಅಜ್ಜನ ಚಿಕ್ಕ ತೋಟದ ಕಾಫಿ ಕಣದಲ್ಲಿ ಒಣಗಿ, ಮೂಟೆಯಾಗಿ, ಕ್ಯೂರಿಂಗ್‌ಗೆ ಹೋದ ಮೇಲೆ ಏನಾಗುತ್ತದೆಂದು ಮಕ್ಕಳಾದ ನಮಗೆ ಗೊತ್ತಿರಲಿಲ್ಲ. ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಅದನ್ನು ಕೊಳ್ಳುವ ದೇಶಗಳ ಸಾಲಿನಲ್ಲಿ ಇಟಲಿ ಮುಂದಿದೆ. ಇಟಲಿಗೆ ಕಾಫಿ ಬಂದಿಳಿಯುವ ಮುಖ್ಯ ಬಂದರುಗಳಲ್ಲಿ ಟ್ರಿಯೆಸ್ಟೆ ಒಂದು. 1892ರಲ್ಲಿ ಹೌಸ್‌ಬ್ರಾಂಟ್, 1933ರಲ್ಲಿ ‘ಇಲ್ಲಿ’ (Illy) ಎಂಬ ಕಾಫಿ ಕಂಪನಿಗಳು ಹುಟ್ಟಿದ್ದು ಈ ಊರಿನಲ್ಲೇ. ಬಂದರಿನ ಕಡೆಯಿಂದ ಗಾಳಿ ಬೀಸಿದ ಕೆಲವು ಬೆಳಿಗ್ಗೆ ಹುರಿದ ಕಾಫಿಯ ಘಮ ಕಿಟಕಿಯವರೆಗೂ ಬರುತ್ತದೆ. ಅಜ್ಜನ ಮೂಟೆಗಳು ಹೋದ ದಾರಿಯ ಇನ್ನೊಂದು ತುದಿಗೆ ಬಂದು ಮನೆ ಮಾಡಿದೆನೇನೋ ಅನ್ನಿಸುತ್ತದೆ.

ದೊಡ್ಡ ಊರಿನ ಉಡುಗೆ, ಚಿಕ್ಕ ಊರಿನ ನಡಿಗೆ

‘ಅಷ್ಟು ದೊಡ್ಡ ಲಂಡನ್ ಬಿಟ್ಟು ಆ ಮೂಲೆಗೆ ಯಾಕೇ ಹೋದ್ರಿ?’ ಅಮ್ಮ ಫೋನಿನಲ್ಲಿ ಕೇಳಿದ್ದಳು. ಮೂಲೆ ಎಂಬುದು ನಿಜವೇ. ಇಟಲಿಯ ಈಶಾನ್ಯದ ಕೊನೆಯಲ್ಲಿ, ಕಡಲಿಗೂ ಗುಡ್ಡಕ್ಕೂ ನಡುವೆ ಸಿಕ್ಕಿಕೊಂಡ ಊರು ಇದು. ಗುಡ್ಡ ಹತ್ತಿ ಇಳಿದರೆ ಸ್ಲೊವೇನಿಯಾ. ಗಂಡನಿಗೆ ಇಲ್ಲಿನ ವಿಜ್ಞಾನ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಿತೆಂಬುದು ಅಮ್ಮನಿಗೆ ಕೊಟ್ಟ ಉತ್ತರ. ಲಂಡನ್ನಿನಲ್ಲಿ ಒಂಬತ್ತು ವರ್ಷ, ದಿನಕ್ಕೆ ಮೂರು ಗಂಟೆ ರೈಲಿನಲ್ಲಿ ಕಳೆದು, ಮನೆಗೆ ಬಂದು ನಿಂತೇ ಊಟ ಮಾಡಿ ಮಲಗುತ್ತಿದ್ದೆವು. ನೋಡಬೇಕಾದ ನಾಟಕ, ಕರೆಯಬೇಕಾದ ಗೆಳೆಯರು ಎಲ್ಲವೂ ಪಟ್ಟಿಯಲ್ಲೇ ಉಳಿದಿದ್ದವು. ಅದನ್ನು ಅಮ್ಮನಿಗೆ ಹೇಳಲಿಲ್ಲ.

ಊರು ಚಿಕ್ಕದಾದರೂ ಅದರ ಕಟ್ಟಡಗಳು ಒಂದು ಸಾಮ್ರಾಜ್ಯಕ್ಕೆಂದೇ ಹೊಲಿಸಿದ ಉಡುಪಿನಂತಿವೆ. 1382ರಿಂದ 1918ರವರೆಗೆ ಟ್ರಿಯೆಸ್ಟೆ ಹಾಬ್ಸ್‌ಬರ್ಗ್ ದೊರೆಗಳ ಕೈಯಲ್ಲಿತ್ತು. ವಿಯೆನ್ನಾಕ್ಕೆ ಕಡಲಿನ ಬಾಗಿಲು ಇದೇ. 1719ರಲ್ಲಿ ಆರನೆಯ ಚಾರ್ಲ್ಸ್ ಇದನ್ನು ಸುಂಕವಿಲ್ಲದ ಬಂದರೆಂದು ಸಾರಿದ. ಅವನ ಮಗಳು ಮರಿಯಾ ತೆರೇಸಾಳ ಕಾಲದಲ್ಲಿ ಉಪ್ಪಿನ ಗದ್ದೆಗಳನ್ನು ತುಂಬಿಸಿ, ದಾರ ಹಿಡಿದು ಎಳೆದಂಥ ನೇರ ಬೀದಿಗಳ ಹೊಸ ಬಡಾವಣೆ ಎದ್ದಿತು. ಸರಕಿನ ದೋಣಿಗಳು ಮನೆಬಾಗಿಲವರೆಗೆ ಬರಲೆಂದು ಕಾಲುವೆ ತೋಡಿದರು. ಗ್ರೀಕರು, ಸೆರ್ಬರು, ಯಹೂದಿಗಳು, ಜರ್ಮನರು, ಸ್ಲೊವೇನರು ಬಂದು ನೆಲೆಸಿದರು. ಇಂದಿಗೂ ಕಾಲುವೆಯ ಪಕ್ಕ ಸೆರ್ಬಿಯನ್ ಆರ್ಥಡಾಕ್ಸ್ ಚರ್ಚಿನ ನೀಲಿ ಗುಮ್ಮಟ, ಕಡಲ ದಂಡೆಯಲ್ಲಿ ಗ್ರೀಕರ ಚರ್ಚು, ಇನ್ನೊಂದು ಬೀದಿಯಲ್ಲಿ 1912ರ ಭಾರೀ ಯಹೂದಿ ಮಂದಿರ ಕಾಣಸಿಗುತ್ತವೆ. 1857ರಲ್ಲಿ ವಿಯೆನ್ನಾದಿಂದ ರೈಲು ಬಂತು. ಇಲ್ಲಿನ ಲಾಯ್ಡ್ ಕಂಪನಿಯ ಹಡಗುಗಳು ಬೊಂಬಾಯಿಯವರೆಗೆ ಹೋಗುತ್ತಿದ್ದವು.

1918ರಲ್ಲಿ ಸಾಮ್ರಾಜ್ಯ ಕುಸಿಯಿತು. ಊರು ಇಟಲಿಗೆ ಸೇರಿತು. ಹಿಂದಿದ್ದ ನಾಡೆಲ್ಲ ಬೇರೆ ದೇಶಗಳಾಗಿ, ಬಂದರಿಗೆ ಕೆಲಸ ಕಡಿಮೆಯಾಯಿತು. ಎರಡನೆಯ ಮಹಾಯುದ್ಧದ ನಂತರ 1947ರಿಂದ 1954ರವರೆಗೆ ಯಾವ ದೇಶಕ್ಕೂ ಸೇರದೆ ಕಾದಿತ್ತು. 1954ರ ಅಕ್ಟೋಬರ್ 26ರಂದು ಇಟಲಿಯ ಸೈನಿಕರು ಬಂದಾಗ ಮಳೆ ಸುರಿಯುತ್ತಿತ್ತಂತೆ. ಆ ಮಳೆಯಲ್ಲಿ ಅಪ್ಪನ ಹೆಗಲೇರಿ ಕುಳಿತಿದ್ದ ಹುಡುಗಿ ಈಗ ನಮ್ಮ ಕೆಳಗಿನ ಮಹಡಿಯಲ್ಲಿದ್ದಾರೆ. ಬಾಗಿಲ ಮೇಲೆ ಹೆಸರಿದ್ದರೂ ನಾವು ಅವರನ್ನು ಕರೆಯುವುದು ‘ಸಿನ್ಯೋರಾ’ ಎಂದೇ.

ಸಂಪತ್ತು ಹೋದ ಮೇಲೂ ಟ್ರಿಯೆಸ್ಟೆ ತನ್ನ ನಡೆನುಡಿ ಬಿಡಲಿಲ್ಲ. ಹಳೆಯ ಜಮೀನು ಕೈಬಿಟ್ಟ ಮನೆಯಲ್ಲೂ ಹಜಾರ ಗುಡಿಸಿ, ಹಿತ್ತಾಳೆ ಬೆಳಗಿ, ಬಂದವರಿಗೆ ಬೆಲ್ಲ-ನೀರು ಕೊಡುವುದನ್ನು ಬಿಡದ ಹಿರಿಯರನ್ನು ನಾನು ಮಲೆನಾಡಿನಲ್ಲಿ ನೋಡಿದ್ದೇನೆ. ಈ ಊರು ಅರ್ಥವಾದದ್ದು ಅವರ ನೆನಪಿನಿಂದ.

ಮೆಟ್ಟಿಲ ಮರ್ಯಾದೆ

ನಮ್ಮದು ಆ ತೆರೇಸಾ ಬಡಾವಣೆಯ ಹಳೆಯ ಮನೆ. ಕೆಳಗೆ ವ್ಯಾಪಾರಿಗಳ ಗೋದಾಮು, ಮೇಲೆ ವಾಸ ಎಂಬುದು ಇಲ್ಲಿನ ಹಳೆಯ ಲೆಕ್ಕ. ನಾವಿರುವುದು ಮೂರನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಏಣಿ ಹಾಕಿದರೂ ಮುಟ್ಟದ ಸೂರು, ಒಂದರ ಹಿಂದೊಂದು ಎರಡು ಜೋಡಿ ಬಾಗಿಲುಗಳ ಕಿಟಕಿ, ತುಳಿದಲ್ಲೆಲ್ಲ ಮಾತಾಡುವ ಮರದ ನೆಲ. ಲಂಡನ್ನಿನಿಂದ ತಂದ ತೆಳು ಹಲಗೆಯ ಕಪಾಟುಗಳು ಆ ಗೋಡೆಯ ಮುಂದೆ ಬಡವಾದವು. ಒಂದೊಂದಾಗಿ ಕೊಟ್ಟುಬಿಟ್ಟೆವು. ಹಳೆ ಸಾಮಾನಿನ ಅಂಗಡಿಯಿಂದ ವಾಲ್ನಟ್ ಮರದ ಒಂದು ಮೇಜು, ನಾಲ್ಕು ಕುರ್ಚಿ ತಂದೆವು. ಆಮೇಲೆ ಏನೂ ಬೇಕೆನಿಸಲಿಲ್ಲ. ಸಂಜೆಯ ಬೆಳಕು ಆ ಮೇಜಿನ ಮೇಲೆ ಬಿದ್ದಾಗ ಮನೆ ತುಂಬಿಯೇ ಇರುತ್ತದೆ.

ಅಜ್ಜಿಯ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು ‘ಓರಣ’. ಸೀರೆ ಹಳೆಯದಾದರೂ ನೆರಿಗೆ ಓರಣವಾಗಿರಬೇಕು. ಹುಳಿ, ಅನ್ನ ಇಷ್ಟೇ ಇದ್ದರೂ ಎಲೆ ತೊಳೆದು ಓರಣವಾಗಿ ಬಡಿಸಬೇಕು. ಆ ಮಾತು ಲಂಡನ್ನಿನ ಒಂಬತ್ತು ವರ್ಷದಲ್ಲಿ ನನಗೆ ಒಮ್ಮೆಯೂ ನೆನಪಾಗಿರಲಿಲ್ಲ. ಇಲ್ಲಿ ಮೊದಲ ವಾರವೇ ನೆನಪಾಯಿತು, ಅದೂ ಮೆಟ್ಟಿಲ ಮೇಲೆ.

ಮೆಟ್ಟಿಲಲ್ಲಿ ಎದುರಾದವರಿಗೆ ನಮಸ್ಕಾರ ಹೇಳದೆ ಹೋಗುವಂತಿಲ್ಲ. ಬೆಳಿಗ್ಗೆ ‘ಬ್ವೊಂಜೋರ್ನೊ’, ಸಂಜೆ ‘ಬ್ವೊನಸೇರಾ’. ಇಳಿಯುವವರು ಗೋಡೆಗೆ ಸರಿದು ಹತ್ತುವವರಿಗೆ ದಾರಿ ಬಿಡುತ್ತಾರೆ. ಮಧ್ಯಾಹ್ನದ ಊಟದ ನಂತರ ಸದ್ದು ಮಾಡುವ ಕೆಲಸವಿಲ್ಲ. ಇಟಾಲಿಯನ್ನಿನಲ್ಲಿ ಸಲಿಗೆಯವರಿಗೆ ‘ತು’, ಹಿರಿಯರಿಗೂ ಅಪರಿಚಿತರಿಗೂ ‘ಲೆಯಿ’. ನೀನು-ನೀವುಗಳ ಈ ಅಂತರ ಇಂಗ್ಲಿಷಿನಲ್ಲಿ ಇಲ್ಲದೆ ನಾನು ಎಷ್ಟು ಸೊರಗಿದ್ದೆನೆಂದು ‘ಲೆಯಿ’ ಎಂದು ಕರೆಸಿಕೊಂಡಾಗ ತಿಳಿಯಿತು. ಎಂಬತ್ತು ದಾಟಿದ ಸಿನ್ಯೋರಾ ನನ್ನನ್ನು ಇಂದಿಗೂ ‘ತಾವು’ ಎಂದೇ ಮಾತಾಡಿಸುತ್ತಾರೆ. ಅದರಲ್ಲಿ ದೂರ ಕಾಣುವುದಿಲ್ಲ. ತಾಯಿಭಾಷೆಯ ಒಂದು ಕೋಣೆ ಪರದೇಶದಲ್ಲಿ ಬಾಗಿಲು ತೆರೆದಂತೆ ಅನ್ನಿಸುತ್ತದೆ.

ಕಾಗದಪತ್ರದ ಕೆಲಸಕ್ಕೂ ತನ್ನದೇ ತಾಳ್ಮೆ ಬೇಕು. ಯುರೋಪಿನ ಒಕ್ಕೂಟದ ಹೊರಗಿನವರು ಬಂದ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅದರ ಲಕೋಟೆ ಸಿಗುವುದು ಅಂಚೆ ಕಚೇರಿಯಲ್ಲಿ. ಆಮೇಲೆ ಪುರಸಭೆಯಲ್ಲಿ ಹೆಸರು ಬರೆಸಬೇಕು. ಬರೆಸಿದವರು ಅಲ್ಲೇ ಇದ್ದಾರೆಯೇ ಎಂದು ನೋಡಲು ಪುರಸಭೆಯ ಪೊಲೀಸರು ಒಂದು ದಿನ ಮನೆಗೇ ಬರುತ್ತಾರೆ. ನಮ್ಮಲ್ಲಿಗೆ ಬಂದವರು ಹೊಸ್ತಿಲಲ್ಲಿ ಬೂಟು ಒರೆಸಿ, ಅಪ್ಪಣೆ ಕೇಳಿ ಒಳಬಂದರು. ಅಡುಗೆಮನೆಯ ಒಗ್ಗರಣೆ ಡಬ್ಬಿಯನ್ನೇ ನೋಡುತ್ತ ನಿಂತರು. ಅಲ್ಲೇ ವಾಸವಿದ್ದೇವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಬೋರಾ

ನವೆಂಬರ್ ಕೊನೆಯ ಒಂದು ರಾತ್ರಿ ಕಿಟಕಿಗಳು ಒಟ್ಟಿಗೇ ಹೂಂಕರಿಸಿದವು. ಊರಿನ ಹಿಂದಿನ ಕಾರ್ಸೊ ಪ್ರಸ್ಥಭೂಮಿಯ ಆಚೆ ಜಮೆಯಾದ ತಣ್ಣನೆಯ ಭಾರದ ಗಾಳಿ, ಬೆಟ್ಟಗಳ ತಗ್ಗು ಹುಡುಕಿ, ಬೆಚ್ಚಗಿನ ಕಡಲಿನತ್ತ ಒಮ್ಮೆಗೇ ಧುಮುಕುವುದೇ ಬೋರಾ. ಗಂಟೆಗೆ 100 ಕಿಲೋಮೀಟರ್ ಮೀರಿದ ಬೀಸುಗಳು ಇಲ್ಲಿ ಅಪರೂಪವಲ್ಲ. ಹಿಂದೆ ಓರೆ ಬೀದಿಗಳಲ್ಲಿ ಜನ ಹಿಡಿದು ನಡೆಯಲೆಂದು ಹಗ್ಗ, ಸರಪಳಿ ಕಟ್ಟುತ್ತಿದ್ದರು. ಆಕಾಶ ತಿಳಿಯಾಗಿದ್ದರೆ ಅದು ‘ಬೆಳಕಿನ ಬೋರಾ’. ಮೋಡ, ಮಳೆ, ಹಿಮ ಜೊತೆಗಿದ್ದರೆ ‘ಕಪ್ಪು ಬೋರಾ’.

ಗಾಳಿಯೂರಿನವರು ಗಾಳಿಯನ್ನು ಬೈಯುವುದಿಲ್ಲ. ಕೊಡೆಯನ್ನು ಮನೆಯಲ್ಲಿ ಬಿಡುತ್ತಾರೆ. ಬಟ್ಟೆ ಒಣಗಿಸುವ ಹಗ್ಗ ಒಳಗೆಳೆಯುತ್ತಾರೆ, ಹೂಕುಂಡಗಳನ್ನು ನೆಲಕ್ಕಿಳಿಸುತ್ತಾರೆ. ಗುಂಡಿ ಕುತ್ತಿಗೆಯವರೆಗೆ ಹಾಕಿ, ಮುಂದಕ್ಕೆ ಬಾಗಿ, ಗೋಡೆಯ ಬದಿ ಹಿಡಿದು ನಡೆಯುತ್ತಾರೆ. ನನ್ನ ಮೊದಲ ಬೋರಾದಲ್ಲಿ ಮೂಲೆ ತಿರುಗಲಾಗದೆ ದೀಪದ ಕಂಬ ತಬ್ಬಿ ನಿಂತಿದ್ದೆ. ಅಪರಿಚಿತ ಹುಡುಗನೊಬ್ಬ ತೋಳು ಚಾಚಿ, ಬೀದಿ ದಾಟಿಸಿ, ‘ಬ್ವೊಂಜೋರ್ನೊ’ ಎಂದು ಹೋದ. ಮೂರನೆಯ ದಿನ ಗಾಳಿ ನಿಂತಾಗ ಉತ್ತರಕ್ಕೆ ಆಲ್ಪ್ಸ್ ಬೆಟ್ಟಗಳ ಹಿಮ ಕಡಲ ಮೇಲೆಯೇ ಇಟ್ಟಂತೆ ಕಂಡಿತು. ಮಲೆನಾಡಿನ ಮಳೆಗೂ ಈ ಗಾಳಿಗೂ ಒಂದು ಹೋಲಿಕೆಯಿದೆ. ಅದು ಬಂದಾಗ ಮನುಷ್ಯ ತನ್ನ ಕೆಲಸ ನಿಲ್ಲಿಸಿ ಜಾಗ ಬಿಡಲೇಬೇಕು. ಆ ಬಿಡುವೇ ಊರಿನವರನ್ನು ಒಬ್ಬರಿಗೊಬ್ಬರು ಹತ್ತಿರ ತರುತ್ತದೆ.

ಎಲ್ಲರ ಹಜಾರ

ದೊಡ್ಡ ಊರಿನಲ್ಲಿ ಸೊಗಸನ್ನು ಮನೆಯೊಳಗೆ ಕೂಡಿಟ್ಟುಕೊಳ್ಳಬೇಕಾಗುತ್ತದೆ, ಅದಕ್ಕೆ ದುಡ್ಡು ಬೇಕು. ಇಲ್ಲಿ ಅದು ಬೀದಿಯಲ್ಲಿದೆ. ಪಿಯಾತ್ಸಾ ಉನಿತಾ ಎಂಬ ದೊಡ್ಡ ಚೌಕಕ್ಕೆ ಮೂರು ಕಡೆ ಅರಮನೆಯಂಥ ಕಟ್ಟಡಗಳು, ನಾಲ್ಕನೆಯ ಕಡೆ ಕಡಲು. ಅಲ್ಲಿಂದ ನೂರಾರು ಹೆಜ್ಜೆ ನಡೆದರೆ ಮೋಲೊ ಔದಾಚೆ. 1740ರಲ್ಲಿ ಮುಳುಗಿದ ಸಾನ್ ಕಾರ್ಲೊ ಹಡಗಿನ ಅವಶೇಷದ ಮೇಲೆ ಕಟ್ಟಿದ ಕಲ್ಲಿನ ಕಟ್ಟೆ ಅದು. 200 ಮೀಟರಿಗೂ ಹೆಚ್ಚು ದೂರ ಕಡಲೊಳಕ್ಕೆ ಚಾಚಿದೆ. ಕಟಕಟೆಯಿಲ್ಲ, ಅಂಗಡಿಯಿಲ್ಲ, ಟಿಕೆಟ್ಟಿಲ್ಲ. ತುದಿಯಲ್ಲಿ ದಿಕ್ಕುಗಳನ್ನು ಕೆತ್ತಿದ ಕಂಚಿನ ಫಲಕವೊಂದಿದೆ. ಸಂಜೆ ಊರೆಲ್ಲ ಅಲ್ಲಿಗೆ ನಡೆದು ಹೋಗಿ, ಸೂರ್ಯ ಮುಳುಗುವುದನ್ನು ನೋಡಿ, ನಡೆದು ಬರುತ್ತದೆ. ಈ ನಡಿಗೆಗೂ ಇಸ್ತ್ರಿಯ ಅಂಗಿ, ಒರೆಸಿದ ಬೂಟು.

ಬೇಸಿಗೆಯಲ್ಲಿ ಬಾರ್ಕೊಲಾ ಕಡಲ ದಂಡೆ. ಮರಳಿಲ್ಲ, ಬರೀ ಸಿಮೆಂಟಿನ ಜಗಲಿ. ಕೆಲಸದ ನಡುವಿನ ಬಿಡುವಿನಲ್ಲಿ ಬಂದು ಈಜಿ, ಮೈ ಒಣಗಿಸಿಕೊಂಡು ಮತ್ತೆ ಕಚೇರಿಗೆ ಹೋಗುವವರಿದ್ದಾರೆ. ಸಿನ್ಯೋರಾ ಜೂನ್ ತಿಂಗಳಿಂದ ಬಸ್ಸು ಹಿಡಿದು ದಿನವೂ ಹೋಗುತ್ತಾರೆ. ಅಕ್ಟೋಬರಿನ ಎರಡನೆಯ ಭಾನುವಾರ ಬಾರ್ಕೊಲಾನಾ ಹಾಯಿದೋಣಿ ಸ್ಪರ್ಧೆ. 1969ರಿಂದ ನಡೆದು ಬಂದ ಈ ಹಬ್ಬದಲ್ಲಿ 2018ರಲ್ಲಿ 2,689 ದೋಣಿಗಳು ಒಟ್ಟಿಗೆ ಹೊರಟು ದಾಖಲೆಯಾಯಿತು. ವೃತ್ತಿಪರರ ದೋಣಿಗಳ ಪಕ್ಕದಲ್ಲೇ ಮನೆಮಂದಿಯ ಪುಟ್ಟ ದೋಣಿ ಹೊರಡುತ್ತದೆ.

ಚಳಿಗಾಲಕ್ಕೆ ಕಾಫಿ ಮನೆಗಳಿವೆ. 1830ರ ತೊಮ್ಮಾಸೇಯೊ, 1839ರ ಸ್ಪೆಕ್ಕಿ, 1914ರ ಸಾನ್ ಮಾರ್ಕೊ. ಸಾನ್ ಮಾರ್ಕೊದ ಒಳಗೇ ಪುಸ್ತಕದಂಗಡಿ. ಒಂದು ಕಾಪೊ ಇಟ್ಟುಕೊಂಡು ಮಧ್ಯಾಹ್ನವಿಡೀ ಕುಳಿತರೂ ಏಳಿ ಎನ್ನುವವರಿಲ್ಲ. ಐರಿಷ್ ಲೇಖಕ ಜೇಮ್ಸ್ ಜಾಯ್ಸ್ ಈ ಊರಲ್ಲಿ ಇಂಗ್ಲಿಷ್ ಪಾಠ ಹೇಳಿ, ಸಾಲ ಮಾಡಿ, ಮನೆಯಿಂದ ಮನೆಗೆ ಸಾಮಾನು ಹೊತ್ತು ಹತ್ತಕ್ಕೂ ಹೆಚ್ಚು ವರ್ಷ ಕಳೆದ. ‘ಯುಲಿಸಿಸ್’ ಶುರುವಾದದ್ದು ಇಲ್ಲಿಯೇ. ಅವನ ಶಿಷ್ಯನಾಗಿದ್ದ ಬಣ್ಣದ ಕಾರ್ಖಾನೆಯ ವ್ಯಾಪಾರಿ ಇತಾಲೊ ಸ್ವೇವೊ ಎಂಬ ಹೆಸರಿನಿಂದ ಇಟಲಿಯ ದೊಡ್ಡ ಕಾದಂಬರಿಕಾರನಾದ. ಕಾಲುವೆಯ ಸೇತುವೆ ಮೇಲೆ ಈಗ ಜಾಯ್ಸನ ಕಂಚಿನ ಪ್ರತಿಮೆ ನಮ್ಮ ಹಾಗೇ ನಡೆದು ಹೋಗುತ್ತಿದೆ.

ಒಪೆರಾ ಸಂಯೋಜಕ ವೆರ್ದಿಯ ಹೆಸರಿನ ರಂಗಮಂದಿರ ಬಾಗಿಲು ತೆರೆದದ್ದು 1801ರಲ್ಲಿ. ವೆರ್ದಿಯ ಎರಡು ಒಪೆರಾಗಳು ಮೊದಲು ಆಡಿದ್ದು ಅಲ್ಲಿಯೇ. ಮೇಲಿನ ಅಟ್ಟದ ಅಗ್ಗದ ಸೀಟಿಗೆ ಮನೆಯಿಂದ ಹತ್ತು ನಿಮಿಷ ನಡೆದರಾಯಿತು. ಲಂಡನ್ನಿನಲ್ಲಿ ಪಟ್ಟಿಯಲ್ಲೇ ಉಳಿದದ್ದು ಇಲ್ಲಿ ಮಂಗಳವಾರದ ಸಂಜೆಯಾಯಿತು.

ಕಡುಬಿನ ನಂಟು

ಮೀನು, ಮಾಂಸದ ಈ ಊರಿನಲ್ಲಿ ಸಸ್ಯಾಹಾರಿಗಳು ಹೇಗೆ ಬಾಳುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಊರಿನ ಪ್ರಸಿದ್ಧ ಸಾರು ‘ಯೋಟಾ’. ಕಾಳು, ಆಲೂಗಡ್ಡೆ, ಹುಳಿ ಬಂದ ಕೋಸು ಹಾಕಿ ಕುದಿಸಿದ್ದು. ಹಂದಿಮಾಂಸ ಬಿಟ್ಟು ಮಾಡಿಕೊಂಡರೆ ನಮ್ಮ ಹುರುಳಿ ಸಾರಿನ ದಾಯಾದಿ. ಮಾರುಕಟ್ಟೆಯಲ್ಲಿ ಕಿರುಬೆರಳಷ್ಟು ಎಳೆಯ ರಾದಿಕ್ಕಿಯೊ ಸೊಪ್ಪು ಸಿಗುತ್ತದೆ. ತೊಳೆದು, ಬೆಂದ ಕಾಳಿನ ಜೊತೆ ಕಲೆಸಿದರೆ ಕೋಸಂಬರಿ.

ಬೆರಗು ಹುಟ್ಟಿಸಿದ್ದು ‘ನ್ಯೋಕ್ಕಿ ದಿ ಸುಸೀನೆ’. ಬೇಯಿಸಿದ ಆಲೂಗಡ್ಡೆಯನ್ನು ಹಿಟ್ಟಿನ ಜೊತೆ ನಾದಿ, ಬೀಜ ತೆಗೆದ ಪ್ಲಮ್ ಹಣ್ಣಿನೊಳಗೆ ಸಕ್ಕರೆಯಿಟ್ಟು, ಹಿಟ್ಟಿನಲ್ಲಿ ಮುಚ್ಚಿ ಉಂಡೆ ಕಟ್ಟಿ, ನೀರಿನಲ್ಲಿ ಬೇಯಿಸುತ್ತಾರೆ. ಬೆಣ್ಣೆಯಲ್ಲಿ ಹುರಿದ ಬ್ರೆಡ್ಡಿನ ಪುಡಿ, ಚಕ್ಕೆಪುಡಿ ಮೇಲೆ. ಆಸ್ಟ್ರಿಯಾ, ಬೊಹೀಮಿಯಾ ಕಡೆಯಿಂದ ಬಂದ ತಿಂಡಿ. ಸಿನ್ಯೋರಾ ಮೊದಲ ಸಲ ತಟ್ಟೆ ತುಂಬ ತಂದು ಕೊಟ್ಟಾಗ, ಚಮಚೆಯಿಂದ ಒಡೆದ ಕೂಡಲೇ ಕೆಂಪು ರಸ ಹರಿಯಿತು. ಗಣೇಶನ ಹಬ್ಬದ ಕಡುಬು ಒಡೆದ ಹಾಗೆ. ಖಾಲಿ ತಟ್ಟೆ ಹಿಂತಿರುಗಿಸಬಾರದೆಂಬ ನಮ್ಮ ಪದ್ಧತಿಯಂತೆ ಅದರಲ್ಲಿ ಚಿತ್ರಾನ್ನ ಇಟ್ಟು ಕೊಟ್ಟೆ. ಎರಡು ವರ್ಷದಿಂದ ಆ ತಟ್ಟೆ ಮೆಟ್ಟಿಲ ಮೇಲೆ ಓಡಾಡುತ್ತಲೇ ಇದೆ.

ಹೊರಗಿನವರ ಊರು

ಈ ಊರಿನಲ್ಲಿ 1964ರಲ್ಲಿ ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ ಅಂತರರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ ಕಟ್ಟಿದರು. ಬಡ ದೇಶಗಳ ವಿಜ್ಞಾನಿಗಳು ತಮ್ಮ ನಾಡು ತೊರೆಯದೆಯೇ ಜಗತ್ತಿನ ವಿಜ್ಞಾನದೊಡನೆ ನಂಟು ಉಳಿಸಿಕೊಳ್ಳಲೆಂಬುದು ಅವರ ಆಸೆ. ಬೆಂಗಳೂರಿನಲ್ಲಿ ಓದಿದ ಕೆ.ಆರ್. ಶ್ರೀನಿವಾಸನ್ 2003ರಿಂದ 2009ರವರೆಗೆ ಅದರ ನಿರ್ದೇಶಕರಾಗಿದ್ದರು. 1983ರಲ್ಲಿ ಇಲ್ಲಿಯೇ ಹುಟ್ಟಿದ ಅಭಿವೃದ್ಧಿಶೀಲ ದೇಶಗಳ ವಿಜ್ಞಾನ ಅಕಾಡೆಮಿಗೆ ನಮ್ಮ ಸಿ.ಎನ್.ಆರ್. ರಾವ್ ಅಧ್ಯಕ್ಷರಾಗಿದ್ದರು. ಹೀಗಾಗಿ ಬಸ್ಸಿನಲ್ಲಿ ಕಪ್ಪು ಮೈಯ, ಸೀರೆಯುಟ್ಟ, ಬೇರೆ ನುಡಿಯಾಡುವ ಜನ ಕಂಡರೆ ಇಲ್ಲಿನವರಿಗೆ ಹೊಸದಲ್ಲ.

ಕಷ್ಟಗಳಿಲ್ಲವೆಂದಲ್ಲ. ಕೆಲಸಗಳು ಕಡಿಮೆ, ಓದಿದ ಮಕ್ಕಳು ಮಿಲಾನಿಗೋ ವಿಯೆನ್ನಾಕ್ಕೋ ಹೋಗುತ್ತಾರೆ, ಊರಿಗೆ ವಯಸ್ಸಾಗುತ್ತಿದೆ. ಭಾಷೆ ಕಲಿಯದೆ ಒಂದು ಹೆಜ್ಜೆಯೂ ನಡೆಯದು. ಕರಿಬೇವಿಗೆ ಪರದಾಡಬೇಕು. ಮೊದಲ ಚಳಿಗಾಲದಲ್ಲಿ, ಗಂಡ ಕೆಲಸಕ್ಕೆ ಹೋದ ಮೇಲೆ, ಮಾತಿಗೆ ಜನವಿಲ್ಲದೆ ಅತ್ತ ದಿನಗಳೂ ಇವೆ. ಊರಿನ ಎದೆಯಲ್ಲೂ ಗಾಯಗಳಿವೆ. ಸ್ಲೊವೇನರ ನಾರೊದ್ನಿ ದೊಮ್ ಭವನವನ್ನು 1920ರಲ್ಲಿ ಸುಟ್ಟರು. ಅಕ್ಕಿ ಮಿಲ್ಲಾಗಿದ್ದ ರಿಸಿಯೇರಾವನ್ನು ನಾಜಿಗಳು ಕೊಲೆಯ ಶಿಬಿರ ಮಾಡಿದರು. ಇವನ್ನು ಮರೆತ ಸೊಗಸು ಬರೀ ಮೇಲ್ಬಣ್ಣವಾದೀತು.

ಅದಕ್ಕೇ ಈ ಊರಿನಲ್ಲಿ ನನಗೆ ಅತಿ ಪ್ರಿಯವಾದ ಜಾಗ ಸಾನ್ ಜೊವಾನ್ನಿ ಗುಡ್ಡ. ಅಲ್ಲಿದ್ದದ್ದು ಬೇಲಿಯೊಳಗಿನ ಮಾನಸಿಕ ಆಸ್ಪತ್ರೆ. 1971ರಲ್ಲಿ ಅದರ ಹೊಣೆ ಹೊತ್ತ ಡಾಕ್ಟರ್ ಫ್ರಾಂಕೊ ಬಸಾಲ್ಯ ಬಾಗಿಲುಗಳನ್ನು ತೆರೆಸಿದರು. 1973ರಲ್ಲಿ ರೋಗಿಗಳೂ ಕಲಾವಿದರೂ ಸೇರಿ ಮಾರ್ಕೊ ಕವಾಲ್ಲೊ ಎಂಬ ನೀಲಿ ಕುದುರೆ ಮಾಡಿ ಊರೊಳಗೆ ಮೆರವಣಿಗೆ ಹೊರಟರು. ಕುದುರೆ ಬಾಗಿಲಿಗಿಂತ ಎತ್ತರ. ಬಾಗಿಲನ್ನೇ ಒಡೆದು ಹೊರಗೆ ತಂದರು. 1978ರಲ್ಲಿ ಬಂದ 180ನೆಯ ಕಾನೂನು ಇಡೀ ಇಟಲಿಯಲ್ಲಿ ಅಂಥ ಆಸ್ಪತ್ರೆಗಳನ್ನು ಮುಚ್ಚುವ ದಾರಿ ತೆರೆಯಿತು. ಈಗ ಅಲ್ಲಿ ಸಾವಿರಾರು ಗುಲಾಬಿ ಗಿಡಗಳ ತೋಟ. ಅದರ ನಡುವೆ ಒಂದು ಕಾಫಿ ಮನೆ.

ಮೇ ತಿಂಗಳ ಭಾನುವಾರ

ಗುಲಾಬಿ ಅರಳುವ ಹೊತ್ತಿಗೆ ಅಮ್ಮ ಬಂದಳು. ಅವಳನ್ನು ನೋಡಲು ಬರಬಹುದೇ ಎಂದು ಸಿನ್ಯೋರಾ ಎರಡು ದಿನ ಮೊದಲೇ ಚೀಟಿ ಕಳಿಸಿದ್ದರು. ಭಾನುವಾರ ನಾಲ್ಕು ಗಂಟೆಗೆ ಸರಿಯಾಗಿ ಬಾಗಿಲು ತಟ್ಟಿದರು. ಕೆಳಗಿನ ಮಹಡಿಯಿಂದ ಮೇಲಿನ ಮಹಡಿಗೆ ಹತ್ತೊಂಬತ್ತು ಮೆಟ್ಟಿಲು. ಅದಕ್ಕೆ ಅವರು ಬೂದು ರೇಷ್ಮೆಯ ಉಡುಪು ಹಾಕಿ, ಮುತ್ತಿನ ಓಲೆಯಿಟ್ಟು, ಕೈಯಲ್ಲಿ ಆ ತಟ್ಟೆ ಹಿಡಿದು ಬಂದಿದ್ದರು. ಅಮ್ಮನೂ ಮಧ್ಯಾಹ್ನವೇ ಮೈಸೂರು ಸಿಲ್ಕ್ ತೆಗೆದು ಉಟ್ಟುಕೊಂಡು, ನೆರಿಗೆ ಎರಡು ಸಲ ಸರಿಮಾಡಿಕೊಂಡಿದ್ದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಸಿನ್ಯೋರಾ ಸೀರೆಯ ಜರಿಯನ್ನು ಬೆರಳ ತುದಿಯಿಂದ ಮುಟ್ಟಿದರು. ಅಮ್ಮ ಓಲೆ ನೋಡಿ ‘ಚೆನ್ನಾಗಿದೆ’ ಎಂದಳು.

ನಾನು ಫಿಲ್ಟರ್ ಇಳಿಸಿ, ಹಾಲು ಕಾಯಿಸಿ, ಅಮ್ಮ ತಂದ ಪುಡಿಯ ಕಾಫಿಯನ್ನು ಗಾಜಿನ ಪುಟ್ಟ ಲೋಟಗಳಲ್ಲಿ ಕೊಟ್ಟೆ. ಸಿನ್ಯೋರಾ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ತೆರೆದು, ‘ಕಾಪೊ ಇನ್ ಬಿ’ ಎಂದರು.

ಅವರು ಇಳಿದು ಹೋದ ಮೇಲೆ ಅಮ್ಮ ತಟ್ಟೆ ತೊಳೆದು ಒರೆಸಿದಳು. ‘ಇದಕ್ಕೆ ನಾಳೆ ಏನು ಹಾಕಿ ಕೊಡೋಣ?’ ಎಂದಳು. ಆ ಮೂಲೆಗೆ ಯಾಕೆ ಹೋದಿರೆಂದು ಆಮೇಲೆ ಅವಳು ಕೇಳಲಿಲ್ಲ.